ಫೋಲ್ಡ್‌ಸ್ಕೋಪ್ ಕೊಳ್ಳುವವರು ಜೊತೆಗೆ ಒಂದು ಬಾಟಲಿ ಮಿಥಿಲೀನ್ ಬ್ಲೂ ತಂದಿಟ್ಟುಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಫೋಲ್ಡ್‌ಸ್ಕೋಪ್ ಅನ್ನುವ ಮಡಚುವ ಕಾಗದದ ಮೈಕ್ರೋಸ್ಕೋಪನ್ನು ಧಾರಾಳವಾಗಿ ತಗೊಳ್ಳಬಹುದು. ಆದರೆ ಯಾವ ಕೆಲಸಕ್ಕೆ ಅನ್ನುವುದು ಗೊತ್ತಿರಬೇಕು. ಈರುಳ್ಳಿ ಸಿಪ್ಪೆ, ಚಿಟ್ಟೆ ರೆಕ್ಕೆ, ಸಕ್ಕರೆ ಹರಳು ನೋಡುವುದಕ್ಕಾದರೆ ಯಾರ ಸಲಹೆಯೂ ಬೇಡ. ಡಬ್ಬಿ ಬಿಚ್ಚಿ, ಮಡಚಿ, ನೋಡಿ ಖುಷಿಪಡಿ. ನಾನು ಬರೆಯುತ್ತಿರುವುದು ಇನ್ನೊಂದು ಕೆಲಸದ ಬಗ್ಗೆ. ಕೆರೆ ನೀರಿನ ಹನಿಯಲ್ಲೋ, ಇಡ್ಲಿ ಹಿಟ್ಟಿನಲ್ಲೋ, ಹೆಂಚಿನ ಮೇಲೆ ಒಣಗಿದ ಪಾಚಿಯಲ್ಲೋ ಒಂದು ಚುಕ್ಕೆ ಕಾಣುತ್ತದೆ. ಅದಕ್ಕೆ ಜೀವ ಇದೆಯೋ ಇಲ್ಲವೋ? ಈ ಕಾಗದದ ಮೈಕ್ರೋಸ್ಕೋಪ್ ಇಟ್ಟುಕೊಂಡು ಅದನ್ನು ಹೇಳಬಹುದಾ? ಹೇಳಬಹುದು. ಆದರೆ ಕಣ್ಣೊಂದನ್ನೇ ನಂಬಿಕೊಂಡರೆ ಆಗುವುದಿಲ್ಲ.

ನಾನು ಹಾಸನ ಜಿಲ್ಲೆಯವಳು. ಹಾಲಿನ ಗುಣಮಟ್ಟ ನೋಡುವ ಲ್ಯಾಬಿನಲ್ಲಿ ಕೆಲಸ. ಕಣ್ಣಿಗೆ ಕಾಣದ ಜೀವಿಗಳನ್ನು ಹಿಡಿಯುವುದೇ ನನ್ನ ದಿನದ ದುಡಿಮೆ. ಆದರೆ ಅವುಗಳನ್ನು ನಾವು ಅಲ್ಲಿ ನೋಡುವುದೇ ಕಮ್ಮಿ. ಡೇರಿಯಲ್ಲಿ ಕೆಲಸ ಮಾಡಿದವರಿಗೆ ಎಂಬಿಆರ್‌ಟಿ ಅಂದರೆ ಗೊತ್ತು, ಮಿಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಹಾಕಿ ಹಾಲು ಪರೀಕ್ಷಿಸುವುದು. ಪರೀಕ್ಷಾ ನಳಿಕೆಯಲ್ಲಿ 10 ಮಿಲಿ ಹಾಲು, ಅದಕ್ಕೆ 1 ಮಿಲಿ ಮಿಥಿಲೀನ್ ಬ್ಲೂ, ಬಾಯಿಗೆ ರಬ್ಬರ್ ಬಿರಡೆ. 37 ಡಿಗ್ರಿ ಬಿಸಿನೀರಿನಲ್ಲಿ ಇಟ್ಟು ಗಡಿಯಾರ ನೋಡುತ್ತಾ ಕೂರುವುದು. ಹಾಲಿನಲ್ಲಿರುವ ಬ್ಯಾಕ್ಟೀರಿಯಾ ಉಸಿರಾಡುತ್ತಾ ಆಮ್ಲಜನಕ ಖರ್ಚು ಮಾಡುತ್ತವೆ. ಆಮೇಲೆ ಬಣ್ಣಕ್ಕೇ ಕೈ ಹಾಕುತ್ತವೆ, ನೀಲಿ ಹೋಗಿ ಹಾಲು ಬೆಳ್ಳಗಾಗುತ್ತದೆ. 5 ಗಂಟೆ ದಾಟಿದರೂ ನೀಲಿ ಉಳಿದಿದ್ದರೆ ಬಹಳ ಒಳ್ಳೆಯ ಹಾಲು. ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಕೆಟ್ಟ ಹಾಲು. ನಳಿಕೆಯ ಮೇಲ್ಭಾಗದಲ್ಲಿ ಮಾತ್ರ ಗಾಳಿ ತಾಗುವ ಕಡೆ ತೆಳುವಾದ ನೀಲಿ ಉಂಗುರವೊಂದು ಉಳಿದುಕೊಳ್ಳುತ್ತದೆ. ನಳಿಕೆ ಕುಲುಕಿದರೆ ಗಾಳಿ ಸೇರಿ ಮತ್ತೆ ನೀಲಿ ಇಣುಕುತ್ತದೆ. ಒಂದೇ ಒಂದು ಬ್ಯಾಕ್ಟೀರಿಯಾವನ್ನೂ ನೋಡದೆ, ಅವು ಬದುಕಿವೆ ಅಂತ ಹೇಳುವ ವಿಧಾನ ಇದು.

ಹೀಗೆ ಬಣ್ಣದಿಂದಲೇ ಜೀವ ಗುರುತಿಸಿ ಅಭ್ಯಾಸ ಆದವಳಿಗೆ ಮನೆಯಲ್ಲಿ ಕೂತು ಜೀವಿಗಳನ್ನೇ ನೋಡಬೇಕು ಅನ್ನುವ ಆಸೆ ಬಹಳ ದಿನದಿಂದ ಇತ್ತು. ಲ್ಯಾಬಿನ ಮೈಕ್ರೋಸ್ಕೋಪ್ ಮನೆಗೆ ತರುವಂತಿಲ್ಲ. ಒಳ್ಳೆಯ ಕಾಂಪೌಂಡ್ ಮೈಕ್ರೋಸ್ಕೋಪಿಗೆ ಅಷ್ಟು ದುಡ್ಡು ಹಾಕುವಂತಿರಲಿಲ್ಲ. ಹಾಗಾಗಿ ಇದು.

ಮಾಡಿದವರ ಬಗ್ಗೆ ಎರಡು ಮಾತು. ಮನು ಪ್ರಕಾಶ್ ಮೀರತ್‌ನಲ್ಲಿ ಹುಟ್ಟಿ, ಕಾನ್ಪುರ ಐಐಟಿಯಲ್ಲಿ ಓದಿ, ಈಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೊಫೆಸರ್ ಆಗಿರುವವರು. ಅವರೂ ಅವರ ವಿದ್ಯಾರ್ಥಿ ಜಿಮ್ ಸೈಬುಲ್‌ಸ್ಕಿಯೂ ಸೇರಿ ಇದನ್ನು ರೂಪಿಸಿದರು. 2014ರಲ್ಲಿ ಇದರ ಪ್ರಬಂಧ ಬಂತು. ಒಂದು ಹಾಳೆಯಲ್ಲಿ ಮುದ್ರಿಸಿ, ಕತ್ತರಿಸಿ, ಮಡಚಿ ಮೈಕ್ರೋಸ್ಕೋಪ್ ಮಾಡುವುದು ಅವರ ಯೋಚನೆ. ಬಿಡಿಭಾಗಗಳ ಖರ್ಚು ಒಂದು ಡಾಲರಿಗಿಂತ ಕಮ್ಮಿ ಇರಬೇಕು ಅನ್ನುವುದು ಗುರಿ. ಕಾಗದ ಅಂತ ಕರೆಯುತ್ತೇವೆ, ಆದರೆ ಸುಲಭಕ್ಕೆ ಹರಿಯುವುದಿಲ್ಲ, ನೀರು ಬಿದ್ದರೆ ಒರೆಸಿದರಾಯಿತು. ಇದರ ಜೀವಾಳ ಇರುವುದು ಮಧ್ಯದಲ್ಲಿ ಕೂತಿರುವ ಗುಂಡು ಗಾಜಿನ ಲೆನ್ಸ್‌ನಲ್ಲಿ. ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಸುಮಾರು 2 ಮೈಕ್ರಾನ್ ಅಂತರದಲ್ಲಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಕಾಣಿಸುತ್ತದೆ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್. ಈ 2 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ, ಕೊಳ್ಳುವ ಮುಂಚೆ ತಿಳಿದಿರಬೇಕಾದ ಮುಖ್ಯ ವಿಷಯ ಇದೇ.

ನಾನು ತರಿಸಿದ್ದು ತಗಡಿನ ಡಬ್ಬಿಯಲ್ಲಿ ಬರುವ ದೊಡ್ಡ ಕಿಟ್. ಮಡಚುವುದು ಕಷ್ಟವಲ್ಲ, ಆದರೆ ಅವಸರ ಮಾಡಬಾರದು. ನನ್ನ ನಾದಿನಿಯ ಮಗಳು, ಎಂಟನೇ ಕ್ಲಾಸು, ಚಿತ್ರಗಳನ್ನು ನೋಡಿಕೊಂಡೇ ಮುಗಿಸಿದಳು. ನೋಡುವಾಗ ಕಣ್ಣನ್ನು ಲೆನ್ಸ್‌ಗೆ ರೆಪ್ಪೆ ತಾಗುವಷ್ಟು ಹತ್ತಿರ ತರಬೇಕು. ಬೆಳಕಿನ ಕಡೆ ಮುಖ ಮಾಡಿ, ಎರಡು ಹೆಬ್ಬೆರಳಿನಲ್ಲಿ ನಿಧಾನಕ್ಕೆ ತಳ್ಳುತ್ತಾ ಹುಡುಕಬೇಕು. ಕನ್ನಡಕ ಹಾಕುವವರು ತೆಗೆದಿಟ್ಟು ನೋಡಿ, ದೂರದೃಷ್ಟಿ ಸಮೀಪದೃಷ್ಟಿ ಎರಡಕ್ಕೂ ಫೋಕಸ್ ಹೊಂದಿಸಿಕೊಂಡರೆ ಸಾಕು. ಸೂರ್ಯನ ಕಡೆ ಮಾತ್ರ ಅಪ್ಪಿತಪ್ಪಿಯೂ ತಿರುಗಿಸಬೇಡಿ, ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ಅಂಚಿನಲ್ಲಿ ಚಿತ್ರ ಮಸುಕಾಗುತ್ತದೆ, ಗುಂಡು ಲೆನ್ಸ್‌ನ ಗುಣವೇ ಅದು. ನೋಡಬೇಕಾದ್ದನ್ನು ಮಧ್ಯಕ್ಕೆ ತಂದುಕೊಳ್ಳಿ.

ಮೊಬೈಲ್‌ಗೆ ಆಯಸ್ಕಾಂತದಿಂದ ಅಂಟಿಸಿಕೊಳ್ಳುವ ವ್ಯವಸ್ಥೆ ಇದೆ. ಜೀವ ಇದೆಯೋ ಇಲ್ಲವೋ ನೋಡುವವರು ಇದನ್ನೇ ಬಳಸಬೇಕು ಅನ್ನುವುದು ನನ್ನ ಅಭಿಪ್ರಾಯ. ಕೈಯಲ್ಲಿ ಹಿಡಿದು ಕಣ್ಣಿಟ್ಟರೆ ಕೈ ನಡುಗಿದ್ದು ಯಾವುದು, ಹನಿಯೊಳಗೆ ಅಲುಗಾಡಿದ್ದು ಯಾವುದು ಗೊತ್ತಾಗುವುದಿಲ್ಲ. ಮೊಬೈಲ್ ಅನ್ನು ಎರಡು ಪುಸ್ತಕದ ಮೇಲೆ ಅಡ್ಡ ಇಟ್ಟು, ಕೆಳಗಿನಿಂದ ಬೆಳಕು ಕೊಟ್ಟು, ವಿಡಿಯೋ ಹಾಕಿ ಕೈ ತೆಗೆದುಬಿಡಿ. ಆಮೇಲೆ ಮತ್ತೆ ಮತ್ತೆ ನೋಡಬಹುದು.

ನಾವು ಮೊದಲು ಇಟ್ಟಿದ್ದು ಹಾಲು. ಮನೆಗೆ ಬರುವ ಹಸುವಿನ ಹಸಿ ಹಾಲಿಗೆ ನೀರು ಬೆರೆಸಿ ತೆಳುವಾಗಿ ಮಾಡಿ ಒಂದು ಹನಿ. ಪರದೆ ತುಂಬಾ ದುಂಡುದುಂಡಗೆ ಗುಳ್ಳೆಗಳು. ಸಣ್ಣವೆಲ್ಲ ಒಂದೇ ಸಮನೆ ತರತರ ಅದುರುತ್ತಿದ್ದವು.

"ಅತ್ತೆ, ಹಾಲಲ್ಲಿ ಹುಳ ಇದೆ! ಎಲ್ಲಾ ಬದುಕಿದಾವೆ ನೋಡಿ!"

ಅವು ಬೆಣ್ಣೆಯಂಶದ ಗೋಲಿಗಳು. ಹಸಿ ಹಾಲಿನಲ್ಲಿ ಹೆಚ್ಚಿನವು 1ರಿಂದ 10 ಮೈಕ್ರಾನ್ ಒಳಗಿನವು. ಪಕ್ಕದ ಸ್ಲೈಡ್‌ನಲ್ಲಿ ಚೆನ್ನಾಗಿ ಕುದಿಸಿ ಆರಿಸಿದ ಅದೇ ಹಾಲು ಇಟ್ಟೆ. ಅಲ್ಲಿಯೂ ಅದೇ ಅದುರಾಟ. ಕುದಿಸಿದ ಮೇಲೂ ನಿಲ್ಲದ ಕುಣಿತ ಜೀವದ್ದಲ್ಲ ಪುಟ್ಟಾ ಅಂದೆ. ಅವಳು ಎರಡು ಸ್ಲೈಡ್‌ಗಳನ್ನೂ ಅದಲು ಬದಲು ಮಾಡಿ ನೋಡಿ ಒಪ್ಪಿಕೊಂಡಳು.

ಇದನ್ನು ಕಂಡು ದೊಡ್ಡವರೇ ಬೆರಗಾಗಿದ್ದಾರೆ. 1827ರಲ್ಲಿ ರಾಬರ್ಟ್ ಬ್ರೌನ್ ಅನ್ನುವ ಸಸ್ಯವಿಜ್ಞಾನಿ ಪರಾಗದೊಳಗಿನ ಕಣಗಳು ನೀರಿನಲ್ಲಿ ಹೀಗೇ ಅದುರುವುದನ್ನು ಕಂಡರು. ಇದು ಜೀವದ ಲಕ್ಷಣ ಇರಬಹುದಾ ಅನ್ನುವ ಪ್ರಶ್ನೆ ಬಂತು. ಅವರು ಅಲ್ಲಿಗೇ ಬಿಡಲಿಲ್ಲ. ಗಾಜು, ಕಲ್ಲು, ಲೋಹದ ಪುಡಿಗಳನ್ನೂ ಹಾಕಿ ನೋಡಿದರು, ಈಜಿಪ್ಟಿನ ಸ್ಫಿಂಕ್ಸ್‌ನ ಒಂದು ಚೂರನ್ನು ಕೂಡ. ಎಲ್ಲವೂ ಅದುರಿದವು. ನೀರಿನ ಅಣುಗಳು ಎಲ್ಲಾ ಕಡೆಯಿಂದ ಗುದ್ದುವುದರಿಂದ ಹೀಗಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಜೀವ ಇಲ್ಲ ಅಂತ ಖಾತ್ರಿ ಇರುವ ವಸ್ತುವನ್ನು ಪಕ್ಕದಲ್ಲಿಟ್ಟು ಹೋಲಿಸುವುದು, ಬ್ರೌನ್ ಮಾಡಿದ್ದು ಅದನ್ನೇ. ಫೋಲ್ಡ್‌ಸ್ಕೋಪ್ ತಗೊಂಡವರು ಕಲಿಯಬೇಕಾದ ಮೊದಲ ಪಾಠವೂ ಅದೇ. ಕೈಪಿಡಿಯಲ್ಲಿ ಮಡಚುವುದು, ಸ್ಲೈಡ್ ಮಾಡುವುದು ಎಲ್ಲಾ ಚೆನ್ನಾಗಿದೆ. ಈ ಜೋಡಿ ಸ್ಲೈಡ್ ಅಭ್ಯಾಸವನ್ನು ಮಾತ್ರ ನೀವೇ ಬೆಳೆಸಿಕೊಳ್ಳಬೇಕು.

ಹನಿಯೊಳಗಿನ ಚಲನೆಯಲ್ಲಿ ನಾನು ಮೂರು ಬಗೆ ಗುರುತಿಸುತ್ತೇನೆ. ಎಲ್ಲಾ ಕಣಗಳೂ ಒಟ್ಟಾಗಿ ಒಂದೇ ಕಡೆ ಸಾಗುತ್ತಿದ್ದರೆ ಅದು ಹರಿವು. ಹನಿಯ ಅಂಚು ಒಣಗುತ್ತಿದೆ ಅಂತ ಅರ್ಥ, ಅಷ್ಟೇ. ಹನಿಯ ಮೇಲೆ ಮುಚ್ಚುವ ತೆಳು ಚೂರು, ಅಂದರೆ ಕವರ್‌ಸ್ಲಿಪ್‌ನ ಸುತ್ತ ತೆಳುವಾಗಿ ವ್ಯಾಸಲೀನ್ ಸವರಿದರೆ ಅದು ನಿಲ್ಲುತ್ತದೆ. ಇದ್ದ ಜಾಗದಲ್ಲೇ ಅದುರುವುದು, ಎಲ್ಲಿಗೂ ಹೋಗಿ ಮುಟ್ಟದಿರುವುದು ಬ್ರೌನ್ ಕಂಡ ಕುಣಿತ. ಚಿಕ್ಕ ಕಣ ಜಾಸ್ತಿ ಅದುರುತ್ತದೆ, ದೊಡ್ಡದು ಕಮ್ಮಿ. ಮೂರನೆಯದರಲ್ಲಿ ಪಕ್ಕದ ಕಣ ಒಂದು ಕಡೆ ಹೋದರೆ ಇದು ಇನ್ನೊಂದು ಕಡೆ ಹೋಗುತ್ತದೆ. ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ಅಡ್ಡ ಸಿಕ್ಕರೆ ತಿರುಗುತ್ತದೆ. ಇದನ್ನು ಕಂಡರೆ ಮಾತ್ರ ನಾನು ಜೀವ ಇರಬಹುದು ಅಂತ ಬರೆದುಕೊಳ್ಳುತ್ತೇನೆ.

ಕೆರೆ ನೀರಿಗೆ ಒಣ ಹುಲ್ಲು ಹಾಕಿ ಕೆಲವು ದಿನ ಬಿಟ್ಟರೆ ಈ ಮೂರನೆಯ ಬಗೆ ಧಾರಾಳವಾಗಿ ಸಿಗುತ್ತದೆ. ಪ್ಯಾರಮೀಸಿಯಂ ಅನ್ನುವ ಒಂದೇ ಕೋಶದ ಜೀವಿ ಒಂದು ಸೆಕೆಂಡಿನಲ್ಲಿ ನೋಟದಿಂದ ಆಚೆ ಹೋಗಿಬಿಡುತ್ತದೆ. ಅದಕ್ಕೆ ಹತ್ತಿಯ ಎಳೆಗಳನ್ನು ಬಿಡಿಸಿ ಹನಿಯೊಳಗೆ ಹರಡಿ. ಎಳೆಗಳ ನಡುವೆ ಸಿಕ್ಕಿಕೊಂಡದ್ದನ್ನು ನೆಮ್ಮದಿಯಾಗಿ ನೋಡಬಹುದು. ಎಳೆಗೆ ಮೂತಿ ತಾಗುತ್ತದೆ, ಹಿಂದಕ್ಕೆ ಬರುತ್ತದೆ, ಸ್ವಲ್ಪ ಓರೆ ತಿರುಗಿ ಮತ್ತೆ ನುಗ್ಗುತ್ತದೆ. ಅದು ಸುಮ್ಮನೆ ನಿಂತಾಗ ಮೈಯೊಳಗೆ ನೋಡಿ. ಒಂದು ಸಣ್ಣ ದುಂಡು ಕೋಣೆ ನಿಧಾನಕ್ಕೆ ಉಬ್ಬುತ್ತದೆ, ಫಕ್ಕನೆ ಮಾಯವಾಗುತ್ತದೆ, ಅದೇ ಜಾಗದಲ್ಲಿ ಮತ್ತೆ ಉಬ್ಬಲು ಶುರುವಾಗುತ್ತದೆ. ಒಳಗೆ ನುಗ್ಗುವ ನೀರನ್ನು ಹೊರಗೆ ಎತ್ತಿಹಾಕುವ ಪಂಪ್ ಅದು. ಪಂಪ್ ನಿಂತರೆ ನೀರು ತುಂಬಿ ಪ್ಯಾರಮೀಸಿಯಂ ಒಡೆದೇ ಹೋಗುತ್ತದೆ. ಈಜಾಡುವುದಕ್ಕಿಂತ ಇದು ನನಗೆ ಗಟ್ಟಿ ಸಾಕ್ಷಿ. ಅಲುಗಾಡದೆ ಬಿದ್ದಿರುವ ಪ್ಯಾರಮೀಸಿಯಂ ಒಳಗೂ ಆ ಕೋಣೆ ತುಂಬಿ ಬರಿದಾಗುತ್ತಿದ್ದರೆ ಅದು ಬದುಕಿದೆ. 140 ಪಟ್ಟಿನಲ್ಲಿ, ಬೆಳಕು ಸರಿಯಾಗಿದ್ದರೆ, ಇದು ಸ್ಪಷ್ಟವಾಗಿ ಕಾಣುತ್ತದೆ. ಇದೊಂದಕ್ಕೇ ಈ ಕಿಟ್‌ಗೆ ಕೊಟ್ಟ ದುಡ್ಡು ಸಾರ್ಥಕ.

ಇನ್ನು ಅಲುಗಾಡದೇ ಇರುವವುಗಳ ವಿಷಯ. ಯೀಸ್ಟ್ ಈಜುವುದಿಲ್ಲ, ತೆವಳುವುದಿಲ್ಲ. ಅದರ ಕಣ 5ರಿಂದ 10 ಮೈಕ್ರಾನ್, ಫೋಲ್ಡ್‌ಸ್ಕೋಪಿನಲ್ಲಿ ಗಸಗಸೆಯಷ್ಟು ಚಿಕ್ಕದಾಗಿ ಕಾಣುತ್ತದೆ. ಬದುಕಿದ್ದೂ ಸತ್ತದ್ದೂ ನೋಡಲು ಒಂದೇ ಥರ. ಇಲ್ಲಿಗೆ ಬೇಕು ಮಿಥಿಲೀನ್ ಬ್ಲೂ. ಅಕ್ವೇರಿಯಂ ಮೀನು ಮಾರುವ ಅಂಗಡಿಯಲ್ಲಿ, ಮೀನಿಗೆ ಬೂಸ್ಟು ಹಿಡಿದಾಗ ಹಾಕುವ ಔಷಧಿ ಅಂತ ಚಿಕ್ಕ ಬಾಟಲಿಯಲ್ಲಿ ಸಿಗುತ್ತದೆ. ಬೇಕರಿ ಒಣ ಯೀಸ್ಟನ್ನು ಉಗುರುಬೆಚ್ಚಗಿನ ಸಕ್ಕರೆ ನೀರಿನಲ್ಲಿ ನೆನೆಸಿ. ಅದರಲ್ಲಿ ಅರ್ಧ ಭಾಗ ತೆಗೆದು ಚೆನ್ನಾಗಿ ಕುದಿಸಿ ಆರಿಸಿ. ಎರಡಕ್ಕೂ ತಿಳಿನೀಲಿ ಆಗುವಷ್ಟು ನೀರು ಬೆರೆಸಿದ ಬಣ್ಣದ ಒಂದೊಂದು ಹನಿ. ಕುದಿಸಿದ ಸ್ಲೈಡ್‌ನಲ್ಲಿ ಕಣಗಳೆಲ್ಲ ಗಾಢ ನೀಲಿ. ಇನ್ನೊಂದರಲ್ಲಿ ಬಹುಪಾಲು ಬಣ್ಣವಿಲ್ಲದೆ ತಿಳಿಯಾಗಿ ಕಾಣುತ್ತವೆ, ನಡುನಡುವೆ ಒಂದೊಂದು ನೀಲಿ. ಬದುಕಿರುವ ಕಣ ಒಳಗೆ ಬಂದ ನೀಲಿಯನ್ನು ತನ್ನ ಕಿಣ್ವಗಳಿಂದ ಬಣ್ಣವಿಲ್ಲದ ಹಾಗೆ ಮಾಡಿಬಿಡುತ್ತದೆ, ಸತ್ತದ್ದಕ್ಕೆ ಆ ಶಕ್ತಿ ಇಲ್ಲ. ನಮ್ಮ ಲ್ಯಾಬಿನ ನಳಿಕೆಯಲ್ಲಿ ಹಾಲಿಗೆ ಹಾಲೇ ಬೆಳ್ಳಗಾಗುವುದನ್ನು ನೋಡಿದವಳಿಗೆ ಒಂದೊಂದೇ ಕಣ ಆ ಕೆಲಸ ಮಾಡಿದ್ದನ್ನು ನೋಡಿ ಆದ ಸಂತೋಷ ಬರೆದು ಹೇಳುವುದು ಕಷ್ಟ.

ಬಣ್ಣ ಹಾಕಿದ ಮೇಲೆ ಐದಾರು ನಿಮಿಷದೊಳಗೆ ನೋಡಿ ಮುಗಿಸಿ. ಮಿಥಿಲೀನ್ ಬ್ಲೂ ತಾನೇ ಒಂಚೂರು ವಿಷ. ತುಂಬಾ ಹೊತ್ತು ಬಿಟ್ಟರೆ, ಅಥವಾ ಗಾಢವಾಗಿ ಹಾಕಿದರೆ, ಬದುಕಿದ್ದವೂ ಸತ್ತು ನೀಲಿಯಾಗುತ್ತವೆ. ಕೈಗೆ, ಟವೆಲ್‌ಗೆ, ಅಡುಗೆಮನೆ ಕಟ್ಟೆಗೆ ಹತ್ತಿದರೆ ಬೇಗ ಹೋಗುವುದಿಲ್ಲ. ಹಳೇ ಪೇಪರ್ ಹಾಸಿಕೊಳ್ಳಿ.

ಇದೇ ಧೈರ್ಯದಲ್ಲಿ ಇಡ್ಲಿ ಹಿಟ್ಟು ಇಟ್ಟರೆ ಗೊಂದಲ ಶುರು. ಅಕ್ಕಿಯ ಪಿಷ್ಟದ ಕಣಗಳೂ ಹೆಚ್ಚುಕಮ್ಮಿ ಯೀಸ್ಟ್‌ನಷ್ಟೇ ದಪ್ಪ. ಒಂದು ಹನಿಯಲ್ಲಿ ಅವುಗಳದ್ದೇ ಜಾತ್ರೆ. ಅದಕ್ಕೆ ಗಾಯಕ್ಕೆ ಹಚ್ಚುವ ಅಯೋಡಿನ್ ಔಷಧಿಯನ್ನು ನೀರು ಬೆರೆಸಿ ಕವರ್‌ಸ್ಲಿಪ್‌ನ ಅಂಚಿನಲ್ಲಿ ಬಿಡಿ. ಪಿಷ್ಟ ಕಪ್ಪು ನೀಲಿಗೆ ತಿರುಗುತ್ತದೆ, ಯೀಸ್ಟ್ ತಿರುಗುವುದಿಲ್ಲ. ಹಿಟ್ಟು ಉಬ್ಬಿಸುವುದರಲ್ಲಿ ಮುಖ್ಯ ಪಾತ್ರ ಲ್ಯೂಕೋನಾಸ್ಟಾಕ್ ಅನ್ನುವ ಬ್ಯಾಕ್ಟೀರಿಯಾದ್ದು. ಅದು ಸುಮಾರು 1 ಮೈಕ್ರಾನ್ ಇರುವುದರಿಂದ ಇಲ್ಲಿ ಕಾಣುವುದೇ ಇಲ್ಲ. ಮೇಲೆ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ 2 ಮೈಕ್ರಾನ್ ಗೆರೆ ಇದೇ. ಮೊಸರಿನ ಬ್ಯಾಕ್ಟೀರಿಯಾ ನೋಡಬೇಕು ಅಂತ ಆಸೆಪಟ್ಟು ಕೊಳ್ಳುವವರಿಗೆ ಖಂಡಿತಾ ನಿರಾಸೆಯಾಗುತ್ತದೆ. ಅದಕ್ಕೆ ಲೆನ್ಸ್‌ಗೆ ಎಣ್ಣೆ ಹಾಕಿ 1000 ಪಟ್ಟು ದೊಡ್ಡದು ಮಾಡಿ ತೋರಿಸುವಂಥ ಮೈಕ್ರೋಸ್ಕೋಪೇ ಬೇಕು. ಮೊಬೈಲ್‌ನಲ್ಲಿ ಜೂಮ್ ಮಾಡಿದರೆ ಮಸುಕು ದೊಡ್ಡದಾಗುತ್ತದೆಯೇ ಹೊರತು ಹೊಸದೇನೂ ಕಾಣುವುದಿಲ್ಲ.

ಕುದಿಸಿ ಹೋಲಿಸುವ ವಿಧಾನಕ್ಕೂ ಒಂದು ಮಿತಿ ಇದೆ. ಅದನ್ನು ಮಂಗಳ ಗ್ರಹದ ಕಥೆ ಚೆನ್ನಾಗಿ ತೋರಿಸುತ್ತದೆ. 1976ರಲ್ಲಿ ನಾಸಾದ ವೈಕಿಂಗ್ ನೌಕೆಗಳು ಅಲ್ಲಿ ಇಳಿದು, ವಿಕಿರಣಶೀಲ ಇಂಗಾಲ ಸೇರಿಸಿದ ಪೋಷಕ ದ್ರಾವಣವನ್ನು ಮಣ್ಣಿಗೆ ಹನಿಸಿದವು. ಮಣ್ಣಿನಲ್ಲಿ ಜೀವಿಗಳಿದ್ದರೆ ಅದನ್ನು ತಿಂದು ಅನಿಲ ಬಿಡಬೇಕು. ಅನಿಲ ಬಂತು. 160 ಡಿಗ್ರಿಗೆ ಕಾಯಿಸಿದ ಮಣ್ಣಿನಿಂದ ಬರಲಿಲ್ಲ. ಈ ಪ್ರಯೋಗ ರೂಪಿಸಿದ ಗಿಲ್ಬರ್ಟ್ ಲೆವಿನ್ ಮೂಲತಃ ನಮ್ಮಂಥದೇ ಕೆಲಸದವರು. ಕುಡಿಯುವ ನೀರಿನಲ್ಲಿ ಕೊಳಕು ಸೇರಿದೆಯಾ ಅಂತ ಬೇಗ ಪತ್ತೆ ಹಚ್ಚುವ ವಿಧಾನ ಹುಡುಕುತ್ತಿದ್ದ ಎಂಜಿನಿಯರ್. ಸಿಕ್ಕಿದ್ದು ಜೀವವೇ ಅಂತ ಅವರು 2021ರಲ್ಲಿ ತೀರಿಕೊಳ್ಳುವವರೆಗೂ ವಾದಿಸಿದರು. ಆದರೆ ಅದೇ ನೌಕೆಯ ಇನ್ನೊಂದು ಉಪಕರಣಕ್ಕೆ ಜೀವಿಗಳ ಮೈ ಕಟ್ಟುವ ಸಾವಯವ ವಸ್ತು ಅಂತ ಒಪ್ಪುವಂಥದ್ದು ಸಿಗಲಿಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್ಕ್ಲೋರೇಟ್ ಅನ್ನುವ ಲವಣ ಇರುವುದನ್ನು ತೋರಿಸಿತು. ಹೆಚ್ಚಿನ ವಿಜ್ಞಾನಿಗಳು ಮಣ್ಣಿನ ರಾಸಾಯನಿಕಗಳೇ ಆ ಅನಿಲಕ್ಕೆ ಕಾರಣ ಅನ್ನುತ್ತಾರೆ. ಬಿಸಿಗೆ ಜೀವಿ ಸಾಯುವ ಹಾಗೆಯೇ ಕೆಲವು ರಾಸಾಯನಿಕಗಳೂ ಹಾಳಾಗುತ್ತವೆ ಅಲ್ವಾ? ಹಾಗಾಗಿ ನಾನು ಒಂದೇ ಸಾಕ್ಷಿಗೆ ನಿಲ್ಲುವುದಿಲ್ಲ. ಚಲನೆ, ಬಣ್ಣ, ಮೊಗ್ಗೊಡೆದು ಎರಡಾಗುವುದು, ಇವುಗಳಲ್ಲಿ ಎರಡಾದರೂ ಒಪ್ಪಬೇಕು. ಯೀಸ್ಟ್‌ನಲ್ಲಿ ಮೊಗ್ಗು ಬಿಟ್ಟ ಕಣಗಳನ್ನು ಫೋಲ್ಡ್‌ಸ್ಕೋಪಿನಲ್ಲೇ ಗುರುತಿಸಬಹುದು, ದೊಡ್ಡ ಗುಂಡಿಗೆ ಚಿಕ್ಕ ಗುಂಡು ಅಂಟಿಕೊಂಡಿರುತ್ತದೆ.

ಯಾವ ಲಕ್ಷಣವೂ ತೋರಿಸದೆ ಬದುಕಿರುವವುಗಳ ಕಥೆ ಇನ್ನೂ ಬೇರೆ. ಸಕಲೇಶಪುರದ ಕಡೆ ನನ್ನ ತವರು. ಅಲ್ಲಿ ಹೆಂಚಿನ ಮೇಲೆ, ಕಾಂಪೌಂಡಿನ ಮೇಲೆ ಮಳೆಗಾಲದಲ್ಲಿ ಮೆತ್ತಗೆ ಬೆಳೆಯುವ ಹಸಿರು ಪಾಚಿ ಬೇಸಿಗೆಗೆ ಕಂದು ಪುಡಿಯಾಗುತ್ತದೆ. ಅಮ್ಮ ಅದನ್ನು ಒಂದು ಪೇಪರಿನಲ್ಲಿ ಕಟ್ಟಿಕೊಟ್ಟರು. "ಇದರಲ್ಲಿ ಏನ್ ಐತೆ ಅಂತ ಹಾಸನಕ್ಕೆ ಹೊತ್ಕೊಂಡು ಹೋಗ್ತೀಯವ್ವಾ" ಅಂದರು. ಅದರ ಧೂಳು ಚಿಟಿಕೆಯಷ್ಟು ಸ್ಲೈಡ್ ಮೇಲೆ ಉದುರಿಸಿ, ಉಂಗುರದಂಥ ಸ್ಟಿಕರ್ ಅಂಟಿಸಿ, ಆರಿಸಿದ ನೀರು ಹಾಕಿ, ಮೊಬೈಲ್ ಇಟ್ಟೆ. ಒಂದು ಕಂದು ಉಂಡೆ ಮಧ್ಯಕ್ಕೆ ತಂದುಕೊಂಡೆ. ಅದುರುತ್ತಿರಲಿಲ್ಲ. ಸಾಗುತ್ತಿರಲಿಲ್ಲ. ಮಣ್ಣಿನ ಕಣ ಅಂದರೂ ನಂಬಬೇಕಾದಂಥದ್ದು. ನೀರು ಒಣಗದಂತೆ ಆಗಾಗ ಅಂಚಿನಲ್ಲಿ ಹನಿ ಬಿಡುತ್ತಾ ಕೂತೆ. ಸುಮಾರು ಹೊತ್ತಿನ ಮೇಲೆ ಉಂಡೆಯ ಒಂದು ಕಡೆ ತುಸು ಹಿಗ್ಗಿತು. ಆಮೇಲೆ ಇನ್ನೊಂದು ಕಡೆ ಸಣ್ಣ ಕಾಲಿನಂಥದ್ದು ಹೊರಗೆ ಬಂದು ಗಾಜನ್ನು ಹಿಡಿದುಕೊಂಡಿತು. ಮೈ ಉದ್ದಕ್ಕೆ ಚಾಚಿತು, ಕುಗ್ಗಿತು, ಮತ್ತೆ ಚಾಚಿತು. ಕೊನೆಗೆ ತಲೆಯ ಮೇಲೆ ಎರಡು ಚಕ್ರಗಳು ಬಿಚ್ಚಿಕೊಂಡು ತಿರುಗತೊಡಗಿದವು, ಸುತ್ತಲಿನ ಕಸವೆಲ್ಲ ಅದರ ಬಾಯಿಯ ಕಡೆ ಸುಳಿಯಲ್ಲಿ ಹರಿಯತೊಡಗಿತು. ರೋಟಿಫರ್! ಚಕ್ರ ನಿಜವಾಗಿ ತಿರುಗುವುದಿಲ್ಲ, ಸಾಲಾಗಿ ಬಡಿಯುವ ರೋಮಗಳು ಹಾಗೆ ಕಾಣಿಸುತ್ತವೆ.

ಹಾಲೆಂಡಿನ ಲೇವನ್‌ಹುಕ್ 1702ರಲ್ಲಿ ಚಾವಣಿಯ ಮಳೆನೀರು ಹರಿಯುವ ದೋಣಿಯಲ್ಲಿ ಒಣಗಿದ್ದ ಧೂಳಿಗೆ ನೀರು ಹಾಕಿ ಇದನ್ನೇ ಕಂಡರು. ಅವರ ಮೈಕ್ರೋಸ್ಕೋಪಿನಲ್ಲೂ ಇದ್ದದ್ದು ಒಂದೇ ಒಂದು ಪುಟ್ಟ ಲೆನ್ಸ್, ಫೋಲ್ಡ್‌ಸ್ಕೋಪಿನ ಹಾಗೆಯೇ. 2021ರಲ್ಲಿ ರಷ್ಯಾದ ವಿಜ್ಞಾನಿಗಳು ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಿಂದ ತೆಗೆದ ರೋಟಿಫರ್ ಸುಮಾರು 24,000 ವರ್ಷದ ನಂತರ ಎದ್ದು ಮರಿ ಹಾಕಿದ್ದನ್ನು ವರದಿ ಮಾಡಿದರು. ಇಂಥ ಸ್ಥಿತಿಗೆ 1959ರಲ್ಲಿ ಡೇವಿಡ್ ಕೀಲಿನ್ ಅನ್ನುವ ಜೀವವಿಜ್ಞಾನಿ ಕ್ರಿಪ್ಟೋಬಯೋಸಿಸ್, ಅಂದರೆ ಅಡಗಿದ ಜೀವ ಅಂತ ಹೆಸರಿಟ್ಟರು. ಉಸಿರಾಟ, ಬೆಳವಣಿಗೆ, ಚಲನೆ, ನಮ್ಮ ಪಟ್ಟಿಯಲ್ಲಿರುವುದು ಯಾವುದೂ ಆಗ ಕಾಣುವುದಿಲ್ಲ. ಮಿಥಿಲೀನ್ ಬ್ಲೂ ಹಾಕಿದರೂ ಏನೂ ಹೇಳಲಾಗುವುದಿಲ್ಲ. ಇರುವುದು ಒಂದೇ ದಾರಿ, ನೀರು ಕೊಟ್ಟು ಕಾಯುವುದು.

ಅದೇ ಪಾಚಿಯಲ್ಲಿ ನೀರುಕರಡಿ, ಅಂದರೆ ಟಾರ್ಡಿಗ್ರೇಡ್ ಕೂಡ ಸಿಗಬಹುದು. ಎಂಟು ಮೋಟು ಕಾಲು, ತುದಿಯಲ್ಲಿ ಉಗುರು. ಹೆಚ್ಚಿನವು ಅರ್ಧ ಮಿಲಿಮೀಟರಿನೊಳಗೆ. ಇದನ್ನು ಹುಡುಕಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂದೀಪ್ ಈಶ್ವರಪ್ಪ ಅವರ ತಂಡ ಕ್ಯಾಂಪಸ್ಸಿನ ಗೋಡೆಯ ಪಾಚಿಯಲ್ಲೇ ಕೆಂಗಂದು ಬಣ್ಣದ ಒಂದು ಬಗೆಯನ್ನು ಕಂಡಿತು. ಕ್ರಿಮಿಗಳನ್ನು ಕೊಲ್ಲುವ ಅತಿನೇರಳೆ ಬೆಳಕಿನಲ್ಲಿ ಅದು ನೀಲಿಯಾಗಿ ಹೊಳೆಯುತ್ತಾ ಬದುಕಿ ಉಳಿಯಿತು. ಬೇರೆ ಜಾತಿಯ ನೀರುಕರಡಿ ಅದೇ ಬೆಳಕಿಗೆ ಸತ್ತುಹೋಯಿತು. 2020ರಲ್ಲಿ ಇದು ಪ್ರಕಟವಾಯಿತು. ನಮ್ಮ ಪಾಚಿಯಲ್ಲಿ ರೋಟಿಫರ್ ಸಿಕ್ಕಷ್ಟು ಸಲೀಸಾಗಿ ನೀರುಕರಡಿ ಸಿಗಲಿಲ್ಲ, ಹುಡುಕಾಟ ನಡೆದಿದೆ.

ಇನ್ನೊಂದು ವಿಷಯವನ್ನು ಖಡಾಖಂಡಿತವಾಗಿ ಹೇಳಬೇಕು. ನಾನು ಇದನ್ನು ತರಿಸಿದ್ದು ಗೊತ್ತಾದ ಮೇಲೆ ಪಕ್ಕದವರು ಬಾವಿ ನೀರು ತಂದು "ಕುಡೀಬಹುದಾ ನೋಡಿ ಮೇಡಂ" ಅಂದರು. ದಯವಿಟ್ಟು ಫೋಲ್ಡ್‌ಸ್ಕೋಪಿನಲ್ಲಿ ನೋಡಿ ನೀರು ಒಳ್ಳೆಯದು ಅಂತ ಯಾರಿಗೂ ಹೇಳಬೇಡಿ. ಕಾಯಿಲೆ ತರುವ ಬ್ಯಾಕ್ಟೀರಿಯಾ ಈ ಲೆನ್ಸ್‌ಗೆ ಸಿಗುವಂಥವಲ್ಲ, ವೈರಸ್ಸಂತೂ ದೂರದ ಮಾತು. ಹನಿ ಖಾಲಿ ಕಂಡಿತು ಅಂದರೆ ನೀರು ಶುದ್ಧ ಅಂತಲ್ಲ. ಗ್ರಾಮ ಪಂಚಾಯ್ತಿಗಳಲ್ಲಿ ನೀರು ಪರೀಕ್ಷೆಗೆ ಚಿಕ್ಕ ಬಾಟಲಿ ಇರುತ್ತದೆ. ನೀರು ತುಂಬಿ ಒಂದೆರಡು ದಿನ ಬಿಟ್ಟರೆ, ಮಲದ ಕೊಳಕಿನ ಜೊತೆ ಬರುವ ಬ್ಯಾಕ್ಟೀರಿಯಾ ಇದ್ದಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟಿ ಕಪ್ಪಾಗುತ್ತದೆ. ಅದನ್ನು ಕೇಳಿ ಪಡೆಯಿರಿ, ಕಪ್ಪಾದರೆ ನೀರನ್ನು ಲ್ಯಾಬಿಗೆ ಕಳಿಸಿ. ಪಕ್ಕದವರಿಗೂ ಅದನ್ನೇ ಹೇಳಿ ಕಳಿಸಿದೆ.

ಕೊಳ್ಳುವುದಾದರೆ, ಒಬ್ಬರೇ ಬಳಸುವವರಿಗೆ ಡಬ್ಬಿಯ ದೊಡ್ಡ ಕಿಟ್ ಸರಿ. ಮೊಬೈಲ್ ಜೋಡಣೆ, ದೀಪ, ಸ್ಲೈಡ್ ಎಲ್ಲಾ ಒಟ್ಟಿಗೆ ಬರುತ್ತದೆ. ಕವರ್‌ಸ್ಲಿಪ್ ಬೇಗ ಮುಗಿಯುತ್ತದೆ, ಸೈನ್ಸ್ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಡಬ್ಬಿ ಪ್ರತ್ಯೇಕ ತಗೊಳ್ಳಿ. ಜೊತೆಗೆ ಮಿಥಿಲೀನ್ ಬ್ಲೂ, ಅಯೋಡಿನ್, ವ್ಯಾಸಲೀನ್, ಒಂದು ಉಂಡೆ ಹತ್ತಿ. ಲೆನ್ಸ್ ಮೇಲೆ ಬಣ್ಣವೋ ಹಿಟ್ಟೋ ಹತ್ತಿದರೆ ಕೂಡಲೇ ಒದ್ದೆ ಹತ್ತಿಯಲ್ಲಿ ಒರೆಸಿ, ಒಣಗಲು ಬಿಡಬೇಡಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಒಂದು ಯೋಜನೆಯಡಿ ಶಾಲೆ ಕಾಲೇಜುಗಳಿಗೆ ಫೋಲ್ಡ್‌ಸ್ಕೋಪ್ ಹಂಚಿತ್ತು. ನಿಮ್ಮೂರ ಕಾಲೇಜಿನ ಬಯಾಲಜಿ ವಿಭಾಗದಲ್ಲಿ ಒಮ್ಮೆ ಕೇಳಿ ನೋಡಿ, ಬೀರುವಿನಲ್ಲಿ ಇದ್ದರೂ ಇರಬಹುದು.

ಶಾಲೆಯ ಮೇಷ್ಟ್ರುಗಳು, ಟೀಚರುಗಳು ಕೊಳ್ಳುವುದಾದರೆ ಹಲವು ಒಟ್ಟಿಗೆ ಬರುವ ಸಾದಾ ಕಿಟ್ ತಗೊಳ್ಳಿ, ಇಬ್ಬರು ಮಕ್ಕಳಿಗೆ ಒಂದರಂತೆ ಕೊಡಿ. ಒಬ್ಬರು ಯೀಸ್ಟ್ ಸ್ಲೈಡ್ ಎರಡನ್ನೂ ತಯಾರು ಮಾಡಿ, ಕುದಿಸಿದ್ದಕ್ಕೂ ಕುದಿಸದ್ದಕ್ಕೂ ಮೂಲೆಯಲ್ಲಿ ಗುಟ್ಟಾಗಿ ಗುರುತು ಹಾಕಲಿ. ಯಾವುದು ಯಾವುದು ಅಂತ ನೋಡುವವರಿಗೆ ಹೇಳುವುದು ಬೇಡ. ಅವರು ನೀಲಿ ಕಣ ಎಷ್ಟು, ತಿಳಿ ಕಣ ಎಷ್ಟು ಅಂತ ಎಣಿಸಿ, ತಮ್ಮ ತೀರ್ಮಾನ ಬರೆದಿಟ್ಟ ಮೇಲೆ ಗುರುತು ನೋಡಲಿ.